ಅಷ್ಟೂರಿನ ಜಾತ್ರೆ ಮತ್ತು ಮನೆಯ ಹೊಸ್ತಿಲು

ಬೀದರವನ್ನು ಕುರಿತು ಬರೆಯುವವರಿಗೆ ಒಂದು ಸೌಕರ್ಯವಿದೆ. ಮೊದಲನೆಯ ಪುಟವನ್ನು ಅವರು ಬರೆಯಬೇಕಾದ್ದಿಲ್ಲ, ಬೇರೆಯವರು ಬರೆದಿಟ್ಟಿದ್ದಾರೆ. ಕಪ್ಪು ಲೋಹದ ಮೇಲೆ ಬೆಳ್ಳಿಯ ಎಳೆಯನ್ನು ಕೂರಿಸುವ ಬಿದರಿ ಕಲೆಯಿಂದ ಪ್ರಾರಂಭಿಸಬೇಕು. ಎರಡು ಮತಗಳು ಇಲ್ಲಿ ಹೀಗೆಯೇ ಬೆಸೆದುಕೊಂಡಿವೆ ಎಂದು ಉಪಮೆ ಕೊಡಬೇಕು. ಅಷ್ಟೂರಿನ ಗುಮ್ಮಟಕ್ಕೆ ಹೋಗಿ, ನಾನಕ ಝೀರಾದ ತಣ್ಣೀರು ಕುಡಿದು, ಝರಣಿ ನರಸಿಂಹನಿಗೆ ಕೈಮುಗಿದು, ಬಸವಕಲ್ಯಾಣದ ಅನುಭವ ಮಂಟಪವನ್ನು ಸ್ಮರಿಸಬೇಕು. ಕಡೆಗೆ ‘ಇದು ಭಾವೈಕ್ಯದ ಬೀಡು’ ಎಂದು ಮುಗಿಸಬೇಕು. ಲೇಖನ ಸಿದ್ಧವಾಯಿತು. ಈ ಊರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ 1960ರಲ್ಲಿ ನಡೆಯಿತು, 1985ರಲ್ಲಿ ನಡೆಯಿತು, 2006ರಲ್ಲಿಯೂ ನಡೆಯಿತು. ಅವುಗಳ ನಡುವೆ ಸಂಘಗಳ ವಾರ್ಷಿಕೋತ್ಸವಗಳು, ಕಾಲೇಜುಗಳ ಬೆಳ್ಳಿಹಬ್ಬಗಳು, ಅವುಗಳ ಸ್ಮರಣ ಸಂಚಿಕೆಗಳು. ನನ್ನ ಕಪಾಟಿನಲ್ಲಿ ಇಂಥ ಸಂಚಿಕೆಗಳ ಒಂದು ಗಂಟೇ ಇದೆ. ಮೊನ್ನೆ ಬಿಚ್ಚಿ ನೋಡಿದೆ. ಹೆಸರು ಮುಚ್ಚಿಟ್ಟು ಓದಿದರೆ ಯಾವುದನ್ನು ಯಾರು ಬರೆದರೆಂದು ಹೇಳುವುದು ಕಷ್ಟ. ಅವುಗಳಲ್ಲಿ ಒಂದು ನನ್ನದು.

ಆದುದರಿಂದ ಈ ಟೀಕೆಯನ್ನು ಪರರ ಮೇಲೆ ಎಸೆದ ಕಲ್ಲು ಎಂದು ವಾಚಕರು ಭಾವಿಸಬಾರದು. ನಾನು ಬರೆದುದೇ ಏಕೆ ಸುಳ್ಳಾಯಿತು ಎಂಬ ಪ್ರಶ್ನೆ ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿದೆ. ಅದರಲ್ಲಿ ಒಂದು ಸಂಗತಿಯೂ ತಪ್ಪಿರಲಿಲ್ಲ ಎಂಬುದೇ ಸೋಜಿಗ.

ಮೊದಲು ಅಷ್ಟೂರಿನ ಮಾತು. ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದವನು ಅಹ್ಮದ್ ಶಹಾ. 1436ರಲ್ಲಿ ತೀರಿಕೊಂಡ ಅವನ ಗೋರಿ ಊರ ಹೊರಗಿನ ಅಷ್ಟೂರಿನಲ್ಲಿದೆ. ಮಳೆಯಿಲ್ಲದ ವರ್ಷದಲ್ಲಿ ಈತ ಪ್ರಾರ್ಥಿಸಲು ಮಳೆ ಸುರಿಯಿತೆಂದೂ, ಅಂದಿನಿಂದ ಜನ ‘ವಲಿ’ ಎಂದರೆಂದೂ ಕಥೆಯಿದೆ. ಮುಸಲ್ಮಾನರಿಗೆ ಈತ ವಲಿ. ಲಿಂಗಾಯತರಲ್ಲಿ ಅನೇಕರಿಗೆ ಅಲ್ಲಮಪ್ರಭುವಿನ ಅವತಾರ. ವರ್ಷಕ್ಕೊಮ್ಮೆ, ಹೋಳಿಹುಣ್ಣಿಮೆಯ ಆಸುಪಾಸಿನಲ್ಲಿ, ಅಲ್ಲಿ ಉರುಸೂ ಹೌದು ಜಾತ್ರೆಯೂ ಹೌದು ಎನ್ನುವಂಥ ಉತ್ಸವ ಕೂಡುತ್ತದೆ. ಕಲಬುರಗಿ ಜಿಲ್ಲೆಯಿಂದ ಜಂಗಮರೊಬ್ಬರು ಬಂದು ಗೋರಿಗೆ ಪೂಜೆ ಸಲ್ಲಿಸುತ್ತಾರೆ. ಒಂದೇ ಗೋರಿಯ ಮುಂದೆ ತೆಂಗಿನಕಾಯಿಯೂ ಒಡೆಯುತ್ತದೆ, ಫಾತೇಹಾವೂ ನಡೆಯುತ್ತದೆ. 1947ರಲ್ಲಿ ಪ್ರಕಟವಾದ ಗುಲಾಂ ಯಜ್ದಾನಿಯವರ ಬೀದರಿನ ದೊಡ್ಡ ಇಂಗ್ಲಿಷ್ ಗ್ರಂಥದಲ್ಲಿಯೂ ಈ ಉತ್ಸವದ ವರ್ಣನೆ ಇದೆ. ಗುಮ್ಮಟದೊಳಗಿನ ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ಮೇಲಿನ ಕೆಂಪು ಮತ್ತು ಬಂಗಾರದ ಬಣ್ಣಗಳು ಒಂದೊಂದಾಗಿ ಮೇಲೇಳುವುದನ್ನು ಕಂಡವರು ಆ ನೋಟವನ್ನು ಮರೆಯಲಾರರು.

ಇದೆಲ್ಲ ದಿಟ, ಹೆಮ್ಮೆ ಪಡತಕ್ಕದ್ದೂ ಹೌದು. ಆದರೆ ಇದರಿಂದ ಏನು ಸಿದ್ಧವಾಯಿತು? ಹರಕೆ ಹೊತ್ತವರು ಫಲ ಕೊಡುವ ದೇವರ ಕುಲಗೋತ್ರ ಕೇಳುವುದಿಲ್ಲ ಎಂಬುದಷ್ಟೇ ಸಿದ್ಧವಾಯಿತು. ಮಗುವಿಗೆ ಜ್ವರ ಬಿಡದಿದ್ದರೆ ನಮ್ಮ ಜನ ದರ್ಗಾಕ್ಕೂ ಹೋಗುತ್ತಾರೆ, ಮಠಕ್ಕೂ ಹೋಗುತ್ತಾರೆ, ದವಾಖಾನೆಗೂ ಹೋಗುತ್ತಾರೆ. ಅದು ನಂಬಿಕೆಯ ಔದಾರ್ಯ. ಪಕ್ಕದಲ್ಲಿ ಅದೇ ಗೋರಿಗೆ ಹಣೆ ಹಚ್ಚಿದ ಮನುಷ್ಯ ನಾಳೆ ನನ್ನ ಮನೆಯ ಬಾಗಿಲಿಗೆ ಬಂದರೆ ನಾನು ಏನು ಮಾಡುತ್ತೇನೆ ಎಂಬುದು ಬೇರೆಯೇ ಪ್ರಶ್ನೆ. ಒಂದನ್ನು ತೋರಿಸಿ ಇನ್ನೊಂದಕ್ಕೆ ಉತ್ತರ ಸಿಕ್ಕಿತೆಂದು ಹೇಳಿಬಿಟ್ಟಿದ್ದೇವೆ. ನಮ್ಮ ಸೌಹಾರ್ದದ ಪ್ರಬಂಧಗಳ ಮೂಲದೋಷ ಇದು.

ನನಗೆ ಈ ದೋಷ ತಿಳಿದುದು ವಿಮರ್ಶೆಯ ಗ್ರಂಥಗಳಿಂದ ಅಲ್ಲ. ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ, ಗಣಿತದ ಮಾಸ್ತರರು, ಔರಾದ ಕಡೆಯವರು, ಮುಸಲ್ಮಾನರು. ಔರಾದಿನಿಂದ ಬೀದರಕ್ಕೆ ವರ್ಗವಾಗಿ ಬಂದಾಗ ಅವರಿಗೊಂದು ಬಾಡಿಗೆಯ ಮನೆ ಬೇಕಾಯಿತು. ನಮ್ಮ ಓಣಿಯಲ್ಲೇ ಒಂದು ಮನೆ ಖಾಲಿ ಇತ್ತು. ಮಾಲೀಕರು ನನಗೆ ಪರಿಚಿತರು. ನಾನೇ ಹೋಗಿ ಮಾತಾಡಿದೆ. ಬಾಡಿಗೆ ಗೊತ್ತಾಯಿತು, ಮುಂಗಡ ಗೊತ್ತಾಯಿತು, ನೀರು ಬರುವ ಹೊತ್ತೂ ಗೊತ್ತಾಯಿತು. ಕಡೆಗೆ ಅವರು ಹೆಸರು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಸ್ತರ್ರ, ನಿಮ್ಮ ಮಾತಿಗಿ ನಾ ಇಲ್ಲ ಅನ್ನಂಗಿಲ್ಲ. ಆದರ ಮನ್ಯಾಗ ನಮ್ಮವ್ವ ಅದಾಳ್ರಿ. ಆಕಿಗಿ ಮಡಿ ಭಾಳ” ಎಂದರು. ನಾನು ಏನಾದರೂ ಹೇಳಬೇಕಾಗಿತ್ತು, ಹೇಳಲಿಲ್ಲ. ಅವರು ಕೊಟ್ಟ ಚಹ ಕುಡಿದು ಎದ್ದು ಬಂದೆ.

ಅದೇ ತಿಂಗಳು ಸ್ಮರಣ ಸಂಚಿಕೆಯೊಂದಕ್ಕೆ ನನ್ನ ಲೇಖನ ಹೋಯಿತು. ಅದರಲ್ಲಿ ಅಷ್ಟೂರಿನ ಜಾತ್ರೆ ಇತ್ತು. ಈ ಗೆಳೆಯರೂ ಇದ್ದರು. ಬಿಸಿಲಿನಲ್ಲಿ ಬಂದವರಿಗೆ ಶರಬತ್ತು ಹಂಚುತ್ತ ನಗುತ್ತ ನಿಂತಿದ್ದ ಒಬ್ಬ ಮುಸ್ಲಿಂ ಮಿತ್ರ, ಅಷ್ಟೇ, ಹೆಸರಿರಲಿಲ್ಲ. ಸಂಚಿಕೆ ಅಚ್ಚಾದ ಮೇಲೆ ಅವರಿಗೂ ಒಂದು ಪ್ರತಿ ಕೊಟ್ಟೆ. ಓದಿ ಮರುದಿನ ಬಂದರು. “ಚೊಲೊ ಬರ್ದೀರಿ ಸರ್. ಅಷ್ಟೂರದಾಗ ನನಗ ಜಾಗಾ ಕೊಟ್ಟೀರಿ. ನಿಮ್ಮ ಓಣ್ಯಾಗ ಕೊಡಸಲಿಕ್ಕ ಆಗಲಿಲ್ಲ, ನೋಡ್ರಿ” ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ, ನಗುತ್ತಲೇ ಹೇಳಿದರು. ನನ್ನ ಲೇಖನಕ್ಕೆ ಬಂದ ವಿಮರ್ಶೆಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ಸರಿಯಾದುದೂ ಇನ್ನೊಂದಿಲ್ಲ.

ಆಮೇಲೆ ಆ ಗಂಟಿನಲ್ಲಿದ್ದ ಲೇಖನಗಳನ್ನೆಲ್ಲ ಈ ದೃಷ್ಟಿಯಿಂದ ಮತ್ತೊಮ್ಮೆ ಓದಿದೆ. ಅವುಗಳಲ್ಲಿ ಬರುವ ‘ಇನ್ನೊಬ್ಬ’ ಹೇಗಿದ್ದಾನೆ? ಅವನು ಶರಬತ್ತು ಕೊಡುತ್ತಾನೆ, ಶಹನಾಯಿ ಊದುತ್ತಾನೆ, ತೇರಿಗೆ ಬಣ್ಣ ಬಳಿಯುತ್ತಾನೆ, ಮೊಹರಮ್ಮಿನಲ್ಲಿ ಹಲಗೆ ಬಾರಿಸುತ್ತಾನೆ. ಅವನಿಗೆ ಹೆಸರಿಲ್ಲ, ಅಡಿಗೆಮನೆಯಿಲ್ಲ, ತನ್ನದೆಂಬ ಒಂದು ಅಭಿಪ್ರಾಯವಿಲ್ಲ, ಒಂದು ತಪ್ಪಾದರೂ ಇಲ್ಲ. ಸದಾ ಕೊಡುತ್ತಿರುತ್ತಾನೆ, ಎಂದೂ ಕೇಳುವುದಿಲ್ಲ. ಅವನನ್ನು ಮೆಚ್ಚುವುದು ಬಹು ಸುಲಭ, ಏಕೆಂದರೆ ಅವನು ನಮ್ಮಿಂದ ಏನನ್ನೂ ಬೇಡುವುದಿಲ್ಲ. ಮನೆ ಬೇಡುವ ಮುಸಲ್ಮಾನ, ದೇವಸ್ಥಾನದೊಳಕ್ಕೆ ಬರುತ್ತೇನೆನ್ನುವ ದಲಿತ, ಬೇರೆ ಜಾತಿಯವನನ್ನು ಮದುವೆಯಾಗುತ್ತೇನೆನ್ನುವ ನಮ್ಮ ಮನೆಯ ಹುಡುಗಿ, ಇವರು ಯಾರೂ ಸ್ಮರಣ ಸಂಚಿಕೆಯೊಳಕ್ಕೆ ಬರುವುದಿಲ್ಲ.

ಸೆಕ್ಯುಲರ್ ಎಂಬ ಮಾತಿಗೆ ನಾವು ‘ಜಾತ್ಯತೀತ’ ಎಂಬ ಶಬ್ದವನ್ನು ರೂಢಿಗೆ ತಂದುಕೊಂಡಿದ್ದೇವೆ. ‘ಸರ್ವಧರ್ಮ ಸಮಭಾವ’ ಎಂದೂ ಹೇಳುವುದುಂಟು. ಮೊದಲನೆಯ ಶಬ್ದ ನನಗೆ ಹೆಚ್ಚು ಮೆಚ್ಚಿಕೆ, ಏಕೆಂದರೆ ಅದರಲ್ಲಿ ಜಾತಿ ಇದೆ. ಆದರೆ ಸಭೆಗಳಲ್ಲಿ ಆ ಶಬ್ದ ಕೇಳಿಬಂದಾಗಲೆಲ್ಲ ಭಾಷಣಕಾರರ ಮನಸ್ಸಿನಲ್ಲಿರುವುದು ಹಿಂದೂ ಮತ್ತು ಮುಸಲ್ಮಾನ ಎಂಬ ಎರಡೇ. ಜಾತಿ ಮೆಲ್ಲನೆ ಜಾರಿಹೋಗಿರುತ್ತದೆ. ಇದನ್ನು ನನ್ನ ಗೆಳೆಯರಿಗೆ ಹೇಳಿದಾಗ ಅವರು ತಮ್ಮವರನ್ನೂ ಬಿಡಲಿಲ್ಲ. “ನಮ್ಮೋರೇನು ಕಮ್ಮಿ ಇಲ್ಲ ಸರ್. ಹಲಗಿ ಬಾರಸೋನಿಗಿ ನಮ್ಮ ಮೊಹಲ್ಲಾದಾಗೂ ಯಾರೂ ಮನಿ ಕೊಡಂಗಿಲ್ಲ. ಶಾದಿಗಿ ಕೂತ್ರ ಅಂತೂ ಖಾನದಾನ ಏಳು ತಲಿ ತನಕ ನೋಡ್ತಾರ” ಎಂದರು.

ಪೂರ್ವಗ್ರಹಕ್ಕೆ ಎರಡು ಮತಗಳೇ ಬೇಕೆಂಬ ನಿಯಮವಿಲ್ಲ. ಬೀದರಿನ ಇತಿಹಾಸವೇ ಇದಕ್ಕೆ ಸಾಕ್ಷಿ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಇರಾನಿನಿಂದ ಬಂದವನು. ಅವನ ವೈರಿಗಳೂ ಮುಸಲ್ಮಾನರೇ. ಬಹಮನಿ ದರಬಾರಿನಲ್ಲಿ ಇಲ್ಲಿಯೇ ಬೆಳೆದ ದಖನಿಗಳಿಗೂ ಹೊರಗಿನಿಂದ ಬಂದ ಆಫಾಕಿಗಳಿಗೂ ಬದ್ಧದ್ವೇಷ. ಆ ದ್ವೇಷದಲ್ಲಿ ಹುಟ್ಟಿದ ಒಂದು ಕಳ್ಳ ಪತ್ರವನ್ನು ನಂಬಿ ಸುಲ್ತಾನನು 1481ರಲ್ಲಿ ಆ ವೃದ್ಧ ಮಂತ್ರಿಯನ್ನು ಕೊಲ್ಲಿಸಿದ. ಅದಕ್ಕೂ ಮುನ್ನೂರು ವರ್ಷ ಹಿಂದಿನ ಕಲ್ಯಾಣದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವಯ್ಯನ ಮಗಳಿಗೂ ನಡೆದ ವಿವಾಹದ ಕಾರಣದಿಂದ ರಕ್ತ ಹರಿಯಿತೆಂದು ಶರಣ ಪರಂಪರೆ ನೆನೆಯುತ್ತದೆ. ಎರಡು ಕಡೆಯೂ ಹೊರಗಿನ ಮತ ಇರಲಿಲ್ಲ. ಬಟ್ಟೆ ಎಲ್ಲಿ ಜೀರ್ಣವಾಗಿದೆಯೋ ಅಲ್ಲಿ ಹರಿಯುತ್ತದೆ; ಮನುಷ್ಯರ ಮನಸ್ಸೂ ಹಾಗೆಯೇ. ಈ ಎರಡು ಘಟನೆಗಳನ್ನೂ ನಮ್ಮ ಪ್ರಬಂಧಗಳು ಹೇಳುತ್ತವೆ. ಆದರೆ ಗಾವಾನನನ್ನು ವಾಸ್ತುಶಿಲ್ಪದ ಅಧ್ಯಾಯಕ್ಕೂ, ಹರಳಯ್ಯನನ್ನು ಭಕ್ತಿಯ ಅಧ್ಯಾಯಕ್ಕೂ ಸೇರಿಸಿಬಿಡುತ್ತವೆ. ಅವರನ್ನು ಕೊಂದ ಮನೋಭಾವ ಯಾವ ಅಧ್ಯಾಯಕ್ಕೂ ಸೇರದೆ ನಮ್ಮೊಡನೆಯೇ ಉಳಿದುಬಂದಿದೆ.

ಸಂಗತಿಯ ಅರ್ಧವನ್ನು ಮಾತ್ರ ಹೇಳುವ ಈ ಚಾಳಿಗೆ ಇನ್ನೊಂದು ನಿದರ್ಶನ ಭಾಲ್ಕಿಯಲ್ಲಿದೆ. ಹಿರೇಮಠದ ಚನ್ನಬಸವ ಪಟ್ಟದೇವರ ಕಥೆಯನ್ನು ಕೇಳದ ಕನ್ನಡಿಗರು ಈ ಭಾಗದಲ್ಲಿ ಇಲ್ಲ. ನೂರು ವರ್ಷ ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಆ ಹಿರಿಯರು ನಿಜಾಮನ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದರು. ಆಳುವವರು ಒಂದು ಭಾಷೆಯನ್ನು ಎಲ್ಲರ ಮೇಲೆ ಹೇರಿದಾಗ ಒಬ್ಬ ಸಂನ್ಯಾಸಿ ಕಂಡುಕೊಂಡ ಉಪಾಯ ಅದು. ಅದರಲ್ಲಿ ಧೈರ್ಯವೂ ಇದೆ, ನವಿರಾದ ಹಾಸ್ಯವೂ ಇದೆ. ಆದರೆ ವೇದಿಕೆಗಳಲ್ಲಿ ಈಗ ಆ ಫಲಕವನ್ನು ತೋರಿಸಿ ‘ಅವರು ನಮ್ಮ ಭಾಷೆಯನ್ನು ಕೊಂದರು’ ಎನ್ನುವುದನ್ನು ಕೇಳುತ್ತೇನೆ. ‘ಅವರು’ ಎಂದರೆ ಯಾರು? ಫರ್ಮಾನು ಹೊರಡಿಸಿದ್ದು ಹೈದರಾಬಾದಿನ ದರಬಾರು. ‘ಅವರು’ ಎಂದಾಗ ಸಭೆ ತಿರುಗಿ ನೋಡುವುದು ಭಾಲ್ಕಿಯ ಟಾಂಗಾ ಹೊಡೆಯುವವನ ಮೊಮ್ಮಗನನ್ನು. ಆ ಅಜ್ಜ ಮನೆಯಲ್ಲಿ ದಖನಿ ಆಡುತ್ತಿದ್ದ, ಪೇಟೆಯಲ್ಲಿ ಕನ್ನಡ, ಮರಾಠಿ ಆಡುತ್ತಿದ್ದ. ದರಬಾರಿನ ಉರ್ದು ಅವನಿಗೂ ದೂರವೇ. ಇನ್ನೊಂದು ಸಂಗತಿ. ಅದೇ ಪಟ್ಟದೇವರು ಎಲ್ಲ ಜಾತಿಯ ಮಕ್ಕಳಿಗೆ ಮಠದ ಬಾಗಿಲು ತೆರೆದು, ಒಂದೇ ಕಡೆ ಊಟಕ್ಕೆ ಕೂರಿಸಿದರು. ಈ ಅರ್ಧ ಭಾಷಣಗಳಲ್ಲಿ ಹೆಚ್ಚಾಗಿ ಕೇಳಿಬರುವುದಿಲ್ಲ. ಫಲಕದ ಕಥೆ ಬೇರೆಯವರನ್ನು ಚುಚ್ಚುತ್ತದೆ. ಪಂಕ್ತಿಯ ಕಥೆ ನಮ್ಮನ್ನೇ ಚುಚ್ಚುತ್ತದೆ.

1948ರ ನೆನಪೂ ಹೀಗೆಯೇ ಹೋಳಾಗಿದೆ. ಆ ವರ್ಷದ ಮೇ ತಿಂಗಳಲ್ಲಿ ರಜಾಕಾರರು ಗೋರ್ಟಾ ಗ್ರಾಮದಲ್ಲಿ ನಡೆಸಿದ ಹತ್ಯಾಕಾಂಡವನ್ನು ಈ ಜಿಲ್ಲೆ ಮರೆತಿಲ್ಲ, ಮರೆಯಲೂಬಾರದು. ಸೆಪ್ಟೆಂಬರಿನ ಪೋಲೀಸು ಕಾರ್ಯಾಚರಣೆಯ ಬೆನ್ನಿಗೇ ಮುಸಲ್ಮಾನರ ಹತ್ಯೆಗಳು ನಡೆದವು. ನೆಹರೂ ಸರಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಬೀದರವೂ ಒಂದು. ಕಲಬುರಗಿ, ಉಸ್ಮಾನಾಬಾದ, ನಾಂದೇಡ ಉಳಿದವು. ಇಡೀ ಸಂಸ್ಥಾನದಲ್ಲಿ ಸತ್ತವರು 27ರಿಂದ 40 ಸಾವಿರ ಎಂದು ಅದರ ಅಂದಾಜು. ಆ ವರದಿ ಸಾರ್ವಜನಿಕರ ಕಣ್ಣಿಗೆ ಬಿದ್ದುದು 2013ರಲ್ಲಿ. ಆದರೆ ಮನೆಮನೆಯ ಹಿರಿಯರಿಗೆ ವರದಿಯ ಅಗತ್ಯವೆಲ್ಲಿತ್ತು? ನಮ್ಮ ಮನೆಗಳಲ್ಲಿ ಮೊದಲನೆಯದನ್ನು ಹೇಳಿದರು, ಅವರ ಮನೆಗಳಲ್ಲಿ ಎರಡನೆಯದನ್ನು. ಒಂದೇ ಬೆಂಚಿನ ಮೇಲೆ ಕೂತು ಓದಿದ ಹುಡುಗರು ಎರಡು ಬೇರೆ ಬೇರೆ 1948ಗಳನ್ನು ಹೊತ್ತುಕೊಂಡು ಬೆಳೆದರು. ನನ್ನ ಗೆಳೆಯರೂ ನಾನೂ ಎಷ್ಟೋ ವರ್ಷ ಒಡನಾಡಿದ ಮೇಲೆಯೇ ಈ ಮಾತನ್ನು ಎತ್ತಿದೆವು. ಮಾತು ಮುಗಿದ ಮೇಲೆ ಇಬ್ಬರೂ ಬಹಳ ಹೊತ್ತು ಸುಮ್ಮನಿದ್ದೆವು. ಭಾವೈಕ್ಯದ ಪ್ರಬಂಧ ಈ ಮೌನದ ಹತ್ತಿರಕ್ಕೆ ಸುಳಿಯುವುದಿಲ್ಲ. ಸುಳಿದರೆ ಹಬ್ಬ ಕೆಡುತ್ತದೆಂಬ ಅಂಜಿಕೆ.

ಇನ್ನು ನನ್ನ ಮನೆಯ ಮಾತು. ನಮ್ಮದು ಭಾಲ್ಕಿ ತಾಲೂಕು, ಒಂದಿಷ್ಟು ಹೊಲವಿದೆ. ಎಳ್ಳಮಾಸಿಯ ದಿನ ನಮ್ಮ ಸೀಮೆಯ ಊರುಗಳಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಅಂಬಲಿ ಎಲ್ಲ ಹೊತ್ತು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಕರೆದವರು ಕರೆಯದವರು ಎನ್ನದೆ ಎಲ್ಲರನ್ನೂ ಕೂರಿಸಿ ಬಡಿಸುತ್ತಾರೆ. ಈ ಗೆಳೆಯರು ಹೆಂಡತಿ ಮಕ್ಕಳೊಡನೆ ಅನೇಕ ವರ್ಷ ಬಂದಿದ್ದಾರೆ. ನಮ್ಮವ್ವ ತನ್ನ ಕೈಯಿಂದಲೇ ಅವರಿಗೆ ಅಂಬಲಿ ಹೊಯ್ಯುತ್ತಿದ್ದಳು. “ಇನ್ನೊಂದೀಟು ಕುಡಿ ನನ್ನಪ್ಪಾ” ಎಂದು ಒತ್ತಾಯ ಮಾಡುತ್ತಿದ್ದಳು. ಅದರಲ್ಲಿ ಕಪಟವೇನೂ ಇರಲಿಲ್ಲ. ಆದರೆ ಅವರೇ ಮನೆಗೆ ಬಂದಾಗ ಚಹ ಬರುತ್ತಿದ್ದುದು ಒಂದು ಪಿಂಗಾಣಿ ಕಪ್ಪಿನಲ್ಲಿ. ಆ ಕಪ್ಪು ಇರುತ್ತಿದ್ದುದು ಪಡಸಾಲೆಯ ಗೂಡಿನಲ್ಲಿ, ಉಳಿದ ಪಾತ್ರೆಗಳಿಂದ ದೂರ. ಬೇರೆಯವರಿಗೆಲ್ಲ ಸ್ಟೀಲಿನ ಲೋಟ. ಹೊಲದ ಮಣ್ಣಿನಲ್ಲಿ ಇಲ್ಲದ ಮೈಲಿಗೆ ಹೊಸ್ತಿಲು ದಾಟಿದೊಡನೆ ಎಲ್ಲಿಂದ ಬರುತ್ತಿತ್ತೋ ನಾನು ಕೇಳಲಿಲ್ಲ. ‘ಅವ್ವ ಹಳೆಯ ಕಾಲದವಳು’ ಎಂದು ಸಮಾಧಾನ ಮಾಡಿಕೊಂಡಿದ್ದೆ. ಮನೆ ಕೊಡಲೊಪ್ಪದ ಆ ಮಾಲೀಕರೂ ತಮ್ಮ ತಾಯಿಯ ಹೆಸರನ್ನೇ ಹೇಳಿದ್ದರಲ್ಲವೆ? ನಮ್ಮೆಲ್ಲರ ಮಡಿಗೂ ಒಬ್ಬೊಬ್ಬ ಮುದುಕಿಯನ್ನು ಹೊಣೆಮಾಡಿಟ್ಟಿದ್ದೇವೆ.

ಗೆಳೆಯರು ಆ ಮಾತು ಹೇಳಿದ ವಾರ ಊರಿಗೆ ಹೋಗಿದ್ದೆ. ಅವ್ವ ತೀರಿಕೊಂಡು ಏಳು ವರ್ಷವಾಗಿತ್ತು. ಪಡಸಾಲೆಯ ಗೂಡಿನಲ್ಲಿ ಕೈಯಾಡಿಸಿದೆ. ಕಪ್ಪು ಅಲ್ಲಿಯೇ ಇತ್ತು, ಧೂಳು ಹಿಡಿದಿರಲಿಲ್ಲ.

ಸಾಹಿತ್ಯದಿಂದ ನಾನು ಬಯಸುವುದು ಆ ಕಪ್ಪನ್ನು ಕಾಣುವ ಕಣ್ಣು. ಕನ್ನಡಕ್ಕೆ ಆ ಕಣ್ಣು ಇಲ್ಲವೆಂದು ಯಾರೂ ಹೇಳಲಾರರು. ಕಾಸರಗೋಡಿನ ಕಡೆಯ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಬಂದುದು 1984ರಲ್ಲಿ. ಅದು ಮುಸ್ಲಿಂ ಮನೆಯ ಒಳಕೋಣೆಗೆ ನಮ್ಮನ್ನು ಕರೆದೊಯ್ದು ತಲಾಖಿನ ಕ್ರೌರ್ಯವನ್ನು ತೋರಿಸಿತು. ತನ್ನವರ ಮನಸ್ಸನ್ನು ನೋಯಿಸಲು ಲೇಖಕಿ ಅಂಜಲಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕಳೆದುಹೋದ ಹುಂಜವನ್ನು ಹುಡುಕುವ ಸಾಕವ್ವ ಯಾರ ಕರುಣೆಯನ್ನೂ ಬೇಡುವುದಿಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ನಮ್ಮ ಊರಿನಲ್ಲಿಯೂ ಅಭಿನಂದನೆಯ ಮಾತುಗಳಾದವು. ಈ ಮೂವರ ಪಾತ್ರಗಳಿಗೂ ಹೆಸರಿದೆ, ಅಡಿಗೆಮನೆಯಿದೆ, ಸಿಟ್ಟಿದೆ, ತಪ್ಪುಗಳಿವೆ. ಅವರು ಯಾವುದರ ಪ್ರತಿನಿಧಿಗಳೂ ಅಲ್ಲ. ಆದುದರಿಂದಲೇ ಓದುವವನು ಅವರನ್ನು ಮೆಚ್ಚಿ ಸುಮ್ಮನಾಗುವಂತಿಲ್ಲ, ಅವರಿಗೆ ಉತ್ತರ ಕೊಡಬೇಕಾಗುತ್ತದೆ.

ಬೀದರಿಗೆ ಈ ದಾರಿ ಹೊಸದೂ ಅಲ್ಲ. ದಖನಿಯಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ದೀರ್ಘಕಾವ್ಯ ‘ಕದಮರಾವ್ ಪದಮರಾವ್’. 15ನೆಯ ಶತಮಾನದಲ್ಲಿ, ಬಹಮನಿಗಳ ಬೀದರದಲ್ಲಿ, ಫಖ್ರುದ್ದೀನ್ ನಿಜಾಮಿ ಎಂಬ ಕವಿ ಬರೆದುದು. ಅದರ ದೊರೆ ಕದಮರಾಯ. ಮಂತ್ರಿ ಪದಮರಾಯ ಒಂದು ನಾಗ. ಪರಕಾಯ ಪ್ರವೇಶದ ವಿದ್ಯೆಯಿಂದ ದೊರೆಯನ್ನು ವಂಚಿಸುವ ಯೋಗಿಯೊಬ್ಬನೂ ಇದ್ದಾನೆ. ಮುಸಲ್ಮಾನ ಕವಿ ಹಿಂದೂ ದೊರೆಯ ಕಥೆ ಬರೆದನೆಂದು ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ಕವಿ ಚಪ್ಪಾಳೆಗಾಗಿ ಬರೆದಂತೆ ಕಾಣುವುದಿಲ್ಲ. ಅವನ ದೊರೆ ಮೋಸಹೋಗುತ್ತಾನೆ, ಯೋಗಿ ಮೋಸಮಾಡುತ್ತಾನೆ. ನೆರೆಯವನ ಕಥೆಯಲ್ಲಿ ನೆರೆಯವನಿಗೆ ಬುದ್ಧಿ, ಆಸೆ, ಕಪಟ ಎಲ್ಲವನ್ನೂ ಬಿಟ್ಟುಕೊಟ್ಟಿದ್ದಾನೆ. ಒಬ್ಬನನ್ನು ಮನುಷ್ಯನೆಂದು ತಿಳಿಯುವ ರೀತಿ ಇದು. ಹೊಗಳಿಕೆಗಿಂತ ದೊಡ್ಡ ಗೌರವ.

ಹಾಗಾದರೆ ಅಷ್ಟೂರಿನ ಬಗ್ಗೆ ಬರೆಯಲೇಬಾರದೆ ಎಂದು ಕೇಳುವವರಿರಬಹುದು. ಅಗತ್ಯವಾಗಿ ಬರೆಯಬೇಕು. ಆ ಜಾತ್ರೆ ನಿಂತುಹೋದರೆ ಮೊದಲು ಅಳುವವರಲ್ಲಿ ನಾನೂ ಒಬ್ಬ. ವರ್ಷಕ್ಕೊಂದು ದಿನವಾದರೂ ಭುಜಕ್ಕೆ ಭುಜ ತಾಗುವ ಜಾಗಗಳು ಈಗ ಕಡಮೆಯಾಗುತ್ತಿವೆ. ನನ್ನ ಆಕ್ಷೇಪಣೆ ಲೇಖಕನು ಜಾತ್ರೆ ಮುಗಿದೊಡನೆ ಪೆನ್ನು ಮುಚ್ಚಿಬಿಡುವುದಕ್ಕೆ. ಜಾತ್ರೆಗೆ ಬಂದವರ ಹಿಂದೆ ಅವನೂ ಊರೊಳಕ್ಕೆ ನಡೆದು ಬರಬೇಕು. ಯಾರು ಯಾವ ಓಣಿಗೆ ತಿರುಗಿದರು, ಯಾರ ಮನೆಯಲ್ಲಿ ಯಾವ ಲೋಟದಲ್ಲಿ ನೀರು ಕೊಟ್ಟರು, ತಾನು ಎಲ್ಲಿ ಸುಮ್ಮನಿದ್ದ ಎಂಬುದನ್ನು ಬರೆಯಬೇಕು. ಅಂಥ ಲೇಖನ ಹೆಚ್ಚು ಜನರಿಗೆ ರುಚಿಸಲಿಕ್ಕಿಲ್ಲ. ಉದ್ಘಾಟನೆಗೆ ಬರುವ ಗಣ್ಯರು ಅದನ್ನು ಉದ್ಧರಿಸಲಾರರು.

ಗೆಳೆಯರಿಗೆ ಕಡೆಗೆ ಬೇರೊಂದು ಮೊಹಲ್ಲಾದಲ್ಲಿ ಮನೆ ಸಿಕ್ಕಿತು. ಶಾಲೆಗೆ ದೂರ, ನಮ್ಮ ಓಣಿಗೆ ಇನ್ನೂ ದೂರ. ಈ ವರ್ಷದ ಎಳ್ಳಮಾಸಿಗೆ ಬರುತ್ತೇನೆಂದಿದ್ದಾರೆ. ಹೊಲದಿಂದ ತಿರುಗಿ ಬರುವಾಗ ಮನೆಗೂ ಬನ್ನಿರೆಂದು ಕರೆದಿದ್ದೇನೆ. “ನೋಡೋಣ ಸರ್” ಎಂದಿದ್ದಾರೆ.

ಸ್ಮರಣ ಸಂಚಿಕೆಯವರು ಮತ್ತೆ ಲೇಖನ ಕೇಳಿ ಕಾಗದ ಬರೆದಿದ್ದಾರೆ. ಬೀದರಿನ ಭಾವೈಕ್ಯದ ವಿಷಯವೇ ಬೇಕಂತೆ. ಒಪ್ಪಿಕೊಂಡಿದ್ದೇನೆ. ಬಿದರಿಯ ಹೂಜಿಯನ್ನು ಈ ಸಲ ಬೇರೆಯವರಿಗೆ ಬಿಟ್ಟು, ಮೊದಲನೆಯ ಪುಟವನ್ನು ಆ ಪಿಂಗಾಣಿ ಕಪ್ಪಿನಿಂದ ಪ್ರಾರಂಭಿಸಬೇಕೆಂದಿದ್ದೇನೆ.